ಹಳೆಯ ಇಸಿಜಿ

ಮೈದುನನ ಶರ್ಟು ನನ್ನ ಮಡಿಲಲ್ಲಿತ್ತು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಅವನ ಎದೆಗೆ ವೈರುಗಳನ್ನು ಅಂಟಿಸುತ್ತಿದ್ದರು. ಅರ್ಧ ಗಂಟೆ ಮೊದಲು, ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಕಾಗದದ ಬಂಡಲು ಎತ್ತುವಾಗ ಅವನಿಗೆ ಎದೆ ಹಿಡಿದುಕೊಂಡಿತ್ತು.

"ಗ್ಯಾಸ್ ಅತ್ತಿಗೆ. ನೀವು ಕಡ್ಡೀನ ಗುಡ್ಡ ಮಾಡ್ತೀರಿ."

ಏಳು ತಿಂಗಳ ಹಿಂದೆ ನನ್ನ ಗಂಡನೂ ಗ್ಯಾಸ್ ಎಂದೇ ಹೇಳಿದ್ದರು.

ಅಣ್ಣ ತಮ್ಮ ಇಬ್ಬರಿಗೂ ಒಂದೇ ದೋಷ. ಬಡಿತದ ವಿದ್ಯುತ್ತು ಹೃದಯದ ಎಡಭಾಗಕ್ಕೆ ನೇರ ದಾರಿಯಿಲ್ಲದೆ, ಸುತ್ತಿ ಬಳಸಿ ತಡವಾಗಿ ತಲುಪುತ್ತಿತ್ತು. "ಅಪ್ಪನ ಮಾಸ್ಟರ್ ಕಾಪೀಲೇ ಗೆರೆ ಇತ್ತು, ನಮ್ಮಿಬ್ಬರ ಮೇಲೂ ಬಿದ್ದಿದೆ" ಎಂದು ಮೈದುನ ಗಿರಾಕಿಗಳನ್ನು ನಗಿಸುತ್ತಿದ್ದ. ಇಂಥವರ ಇಸಿಜಿ ಆರಾಮಾಗಿದ್ದಾಗಲೂ ಹೃದಯಾಘಾತದಂತೆ ಕಾಣಬಹುದು. ಹೋಲಿಸಿ ನೋಡಲು ಹಳೆಯದೊಂದು ಸದಾ ಜೊತೆಗಿರಲಿ ಎಂದು ವೈದ್ಯರು ಹೇಳಿದ್ದರು. ಇಸಿಜಿ ಕಾಗದ ಬಿಸಿ ತಾಗಿದರೆ ಕಪ್ಪಾಗುತ್ತದೆ. ಅದಕ್ಕೇ ಇಬ್ಬರೂ ಅದನ್ನು ಚಿಕ್ಕದಾಗಿ ಜೆರಾಕ್ಸ್ ತೆಗೆದು, ಆ ಪ್ರತಿಗೆ ಲ್ಯಾಮಿನೇಷನ್ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರು.

ಗಂಡನಿಗೆ ನೋವು ಬಂದ ದಿನ ಆಸ್ಪತ್ರೆಯಲ್ಲಿ ಕೇಳಿದ ಕೂಡಲೇ ಅವರ ಕಾರ್ಡು ಕೊಟ್ಟವಳು ನಾನು. ವೈದ್ಯರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದರು. "ಹಾಗೇ ಇದೆ, ಹೊಸದೇನಿಲ್ಲ" ಎಂದು ಮಾತ್ರೆ ಬರೆದು ಕಳಿಸಿದರು. ಮಧ್ಯಾಹ್ನ ಮನೆಯ ಮೆಟ್ಟಿಲ ಮೇಲೆ ಅವರು ಕೂತರು. ಮತ್ತೆ ಏಳಲಿಲ್ಲ. ಹೃದಯದ ರಕ್ತನಾಳ ಮುಚ್ಚಿತ್ತು. ಈ ದೋಷವಿದ್ದವರಲ್ಲಿ ಇಸಿಜಿ ಅದನ್ನು ಮರೆಮಾಡಬಹುದೆಂದು ಆಮೇಲೆ ಓದಿ ತಿಳಿದೆ.

ಯುವ ವೈದ್ಯೆ ಹೊಸ ಇಸಿಜಿ ಹಿಡಿದು ಬಂದರು. "ಹಳೇದು ಇದೆಯಾ?"

"ಶರ್ಟ್ ಜೇಬಲ್ಲಿದೆ, ಕೊಡಿ ಅತ್ತಿಗೆ," ಎಂದ ಮೈದುನ. "ಹತ್ತು ನಿಮಿಷಕ್ಕೆ ಬಿಟ್ಟುಬಿಡ್ತಾರೆ. ಅಂಗಡಿ ಬಾಗಿಲೂ ಹಾಕಿಲ್ಲ."

ಜೇಬಿಗೆ ಕೈ ಹಾಕಿದೆ. ಕಾರ್ಡಿನ ಅಂಚು ಬೆರಳಿಗೆ ತಾಗಿತು.

"ಇಲ್ಲ," ಎಂದೆ.

"ಸರಿಯಾಗಿ ನೋಡಿ," ಎಂದರು ವೈದ್ಯೆ.

"ನೋಡಿದೆ. ಇಲ್ಲ. ಇವನ ಅಣ್ಣ ಹೀಗೇ ನೋವು ಅಂತ ಬಂದು ಅವತ್ತೇ ತೀರಿಕೊಂಡ್ರು, ಡಾಕ್ಟ್ರೇ."

ವೈದ್ಯೆ ಫೋನ್ ಎತ್ತಿ, ಹೋಲಿಸಲು ಹಳೆಯದಿಲ್ಲ, ಹೃದಯಾಘಾತವೆಂದೇ ಹಿಡಿಯಬೇಕು, ಆಂಜಿಯೋಗ್ರಾಂ ಕೋಣೆ ಸಿದ್ಧವಾಗಲಿ ಎಂದರು. ಬರೀ ಗ್ಯಾಸ್ ಆಗಿದ್ದರೆ? ನನ್ನ ಸುಳ್ಳಿನಿಂದ ಸುಮ್ಮನೆ ಅವನ ನಾಳದೊಳಗೆ ಕೊಳವೆ ತೂರಿಸುತ್ತಾರೆ. ಒಪ್ಪಿಗೆ ಪತ್ರದ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಸಹಿ ಹಾಕಿದೆ.

ಎಡಗಡೆಯ ದೊಡ್ಡ ನಾಳ ಕೂದಲೆಳೆಯಷ್ಟು ಮಾತ್ರ ತೆರೆದಿತ್ತು. ಸ್ಟೆಂಟ್ ಹಾಕಿದರು.

ಸಂಜೆ ವಾರ್ಡಿನಲ್ಲಿ ಅವನು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ಕಾರ್ಡು ಜೇಬಲ್ಲೇ ಇತ್ತು, ಅಲ್ವಾ?"

"ಹೂಂ."

"ಎಂ.ಎ. ಓದಿದೋರಿಗೆ ಸುಳ್ಳು ಬರಲ್ಲ ಅಂದ್ಕೊಂಡಿದ್ದೆ." ನಗಲು ಹೊರಟವನು ಅರ್ಧಕ್ಕೇ ನಿಂತ. "ಅವತ್ತು ಅಣ್ಣಂದು?"

"ಕೇಳಿದ ತಕ್ಷಣ ಕೊಟ್ಟೆ."

"ನಿಮಗೇನು ಗೊತ್ತಿತ್ತು, ಬಿಡಿ."

"ವಾಪಸ್ ಬರುವಾಗಲೂ ನೋವು ಹೋಗಿಲ್ಲ ಅಂದ್ರು," ಎಂದೆ. "ಡಾಕ್ಟ್ರು ನೋಡಿದಾರಲ್ಲ, ಸುಮ್ನಿರಿ ಅಂದೆ."

ಇದನ್ನು ಯಾರಿಗೂ ಹೇಳಿರಲಿಲ್ಲ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನಾನು ಕುರ್ಚಿಯಿಂದ ಏಳಲಿಲ್ಲ.