ಗೋಕಟ್ಟೆಯ ನೊರೆಗೂಡು

ಪುನರ್ವಸು ಮಳೆ ಎರಡು ದಿನ ಹಿಡಿದು ಹೊಳವಾಗಿತ್ತು. ಬೈರಪ್ಪ ಬೆಳಗಿನಿಂದ ಟೊಮೆಟೊಗೆ ಔಷಧಿ ಹೊಡೆದು, ಎಂದಿನಂತೆ ಬೆಟ್ಟದ ಬುಡದಲ್ಲಿ ದನಗಳು ನೀರು ಕುಡಿಯುವ ಗೋಕಟ್ಟೆಗೆ ಇಳಿದು ಪಂಪು ತೊಳೆಯುತ್ತಿದ್ದ. ಆ ಬೆಟ್ಟ ಮೀಸಲು ಅರಣ್ಯ. ಅಲ್ಲಿ ಗಾರ್ಡ್ ಕೆಲಸ ಮಾಡುವ ಜ್ಯೋತಿಲಕ್ಷ್ಮಿ ಬೈರಪ್ಪನ ಪಕ್ಕದ ಮನೆಯ ಸೊಸೆ. ಅವಳು ಬಂದು ದಂಡೆಯ ಮೇಲೆ ನಿಂತಳು. ಬೆಟ್ಟದಲ್ಲಿ ಎಷ್ಟು ಜಾತಿ ಕಪ್ಪೆಗಳಿವೆ ಎಂದು ಲೆಕ್ಕ ಹಾಕಬೇಕಿದೆ, ಹಳ್ಳದ ದಾರಿ ಬಲ್ಲವರು ಬೇಕು, ಶನಿವಾರ ಸಂಜೆ ಬನ್ನಿ ಎಂದಳು.

"ಕಪ್ಪೆ ಎಣಿಸಕ್ಕೂ ಸಂಬಳ ಕೊಡ್ತಾರೇನಮ್ಮ ನಿಮ್ಮ ಇಲಾಖೇಲಿ?"

"ನಮಗೆ ಕೊಡ್ತಾರೆ, ನಿಮಗಿಲ್ಲ. ಟೊಮೆಟೊ ನಾಟಿಗೆ ನಮ್ಮತ್ತೆ ಒಂದು ದಿನ ಬಂದಿದ್ರಲ್ಲ ಮಾವ, ಆ ಮುಯ್ಯಾಳು ಇನ್ನೂ ಬಾಕಿ ಇದೆ."

ಮುಯ್ಯಾಳೆಂದರೆ ನಮ್ಮ ಹೊಲದಲ್ಲಿ ದುಡಿದವರಿಗೆ ನಾವೂ ಹೋಗಿ ದುಡಿದು ತೀರಿಸುವುದು. ನಾಟಿಗೆ ನಾಟಿ, ಕಳೆಗೆ ಕಳೆ. ಕಪ್ಪೆಗೆ ಎಂದು ಯಾರೂ ಕೇಳಿರಲಿಲ್ಲ. ಬೈರಪ್ಪ ಮನೆಗೆ ಬಂದು ಗೊಣಗಿದರೆ, ಗೊರಕೆಯಲ್ಲಿ ನೀವೂ ಅವುಗಳಿಗೆ ಸಮವೇ, ಹೋಗಿ ಬನ್ನಿ ಎಂದಳು ಹೆಂಡತಿ ಗಂಗಲಕ್ಷ್ಮಮ್ಮ.

ನಡುವೆ ಮತ್ತೊಂದು ಜೋರು ಮಳೆಯಾಗಿ ಕಟ್ಟೆ ಕೋಡಿ ಬಿತ್ತು.

ಶನಿವಾರ ಹೊತ್ತು ಮುಳುಗಿದ ಮೇಲೆ ಜ್ಯೋತಿಲಕ್ಷ್ಮಿ, ಅವಳ ಜೊತೆಯ ವಾಚರ್, ಬೈರಪ್ಪ ಮೂವರೂ ಬೆಟ್ಟದ ಹಳ್ಳದ ಬಳಿ ಬ್ಯಾಟರಿ ಆರಿಸಿ ಕೂತರು. ಹತ್ತು ನಿಮಿಷ ಸುಮ್ಮನೆ ಕಿವಿಗೊಡುವುದು, ಕೇಳಿದ ದನಿಗಳನ್ನು ಬರೆದುಕೊಳ್ಳುವುದು, ಅಷ್ಟೇ ಕೆಲಸ. ಒಂದನ್ನೂ ಹಿಡಿಯುವಂತಿಲ್ಲ. ಅವಳು ನಾಲ್ಕು ಜಾತಿ ಬರೆದಳು. ಎರಡು ದನಿಯನ್ನು ಅವಳು ಒಂದೇ ಎಂದುಕೊಂಡಿದ್ದಳು, ಬೈರಪ್ಪನಿಗೆ ತಡೆಯಲಾಗಲಿಲ್ಲ. ಬಾಚಣಿಗೆ ಹಲ್ಲಿನ ಮೇಲೆ ಉಗುರೆಳೆದಂಥದ್ದು ಬೇರೆ, ಕಟ್ಟಿಗೆ ತಟ್ಟಿದಂತೆ ಟಕ್ ಟಕ್ ಅನ್ನುವುದು ಬೇರೆ, ಅದು ಪೊದೆಯ ಮೇಲಿಂದ ಬರುತ್ತಿದೆ ಎಂದು ಕೈ ತೋರಿಸಿದ. ಬ್ಯಾಟರಿ ಬಿಟ್ಟು ನೋಡಿದರೆ ಎಲೆಯ ಮೇಲೆ ಮರಗಪ್ಪೆ. ಪಟ್ಟಿ ಐದಾಯಿತು. ಬೈರಪ್ಪ ಮೀಸೆ ನೀವಿಕೊಂಡ.

ಕೊನೆಗೆ ಗೋಕಟ್ಟೆ. ಇಲ್ಲೂ ಹತ್ತು ನಿಮಿಷ ಕೂತರು. ಒಂದು ನೆಲಗಪ್ಪೆ ಗರ್ ಎಂದು ಸುಮ್ಮನಾಯಿತು.

"ಒಂದು ಅಂತ ಬರೀಬೇಡ ಕಣಮ್ಮ. ನಾನು ಹುಡುಗ ಆಗಿದ್ದಾಗ ಇವುಗಳ ಗಲಾಟೇಲಿ ಮಾತೇ ಕೇಳ್ತಿರ್ಲಿಲ್ಲ."

"ಇರೋದನ್ನೇ ಬರೀಬೇಕು ಮಾವ."

ಅವಳ ಬ್ಯಾಟರಿ ಬೆಳಕು ನೀರಿನ ಮೇಲೆ ಬಾಗಿದ ಹೊಂಗೆ ಕೊಂಬೆಯಲ್ಲಿ ನಿಂತಿತು. ಮುಷ್ಟಿ ಗಾತ್ರದ ಬಿಳಿ ನೊರೆ. ಅದು ತನ್ನ ಪಂಪಿನದೇ, ತೊಳೆಯುವಾಗ ಸಿಡಿದು ಅಂಟಿಕೊಂಡಿದ್ದು, ಪ್ರತಿ ಮಳೆಗಾಲವೂ ನೋಡುತ್ತೇನೆ ಎಂದ ಬೈರಪ್ಪ.

"ಪಂಪಿನ ನೊರೆ ಅಲ್ಲ, ಮರಗಪ್ಪೆ ಗೂಡು. ಒಳಗೆ ಮೊಟ್ಟೆ ಇವೆ. ನಾಲ್ಕೈದು ದಿನಕ್ಕೆ ಮರಿಗಳು ಈ ನೀರಿಗೇ ಉದುರ್ತವೆ. ಕಪ್ಪೆ ಚರ್ಮದಿಂದ್ಲೇ ನೀರು ಹೀರೋದು, ಚರ್ಮದಿಂದ್ಲೂ ಉಸಿರಾಡೋದು. ನೀವು ಮತ್ತೆ ಇಲ್ಲಿ ಪಂಪು ತೊಳೆದ್ರೆ ಬಿದ್ದವು ಬಿದ್ದ ಹಾಗೇ ಸಾಯ್ತವೆ. ನಿಮ್ಮ ಹಸುನೂ ಇದೇ ನೀರು ಕುಡಿಯೋದು."

ಮಂಗಳವಾರ ಇನ್ನೊಂದು ಸಲ ಔಷಧಿ ಹೊಡೆಯುವುದಿತ್ತು. ಮತ್ತೆಲ್ಲಿ ತೊಳೆಯಲಿ ಎಂದು ಕೇಳಿದ ಬೈರಪ್ಪ. ಕಟ್ಟೆಯಿಂದ ದೂರ, ಹೊಲದಲ್ಲೇ ಬಿಂದಿಗೆ ನೀರಲ್ಲಿ ಮೂರು ಸಲ ಜಾಲಿಸಿ, ಆ ನೀರನ್ನೂ ಅದೇ ಗಿಡಗಳಿಗೆ ಹೊಡೆಯಿರಿ, ಔಷಧಿಯೂ ದಂಡವಾಗದು ಎಂದಳು. ಮುಯ್ಯಿ ತೀರಿತು ಎಂದೂ ಹೇಳಿ ಕಳಿಸಿದಳು.

ಮಂಗಳವಾರ ಬೈರಪ್ಪ ಹಾಗೇ ಮಾಡಿದ. ಗುರುವಾರ ಬೆಳಿಗ್ಗೆ ಗಂಗಲಕ್ಷ್ಮಮ್ಮನನ್ನೂ ಕರೆದುಕೊಂಡು ಕಟ್ಟೆಗೆ ಹೋದ. ನೊರೆ ಕರಗಿ ಜೋತುಬಿದ್ದಿತ್ತು. ಕೆಳಗೆ ನೀರಿನಲ್ಲಿ ಸಾಸಿವೆ ಕಾಳಿನಂಥ ತಲೆಗಳು, ಬಡಿಯುವ ಬಾಲಗಳು. ಗಂಗಲಕ್ಷ್ಮಮ್ಮ ಎಣಿಸಲು ಹೋಗಿ ಅರವತ್ತರ ಹತ್ತಿರ ಲೆಕ್ಕ ತಪ್ಪಿದಳು.

ಅಷ್ಟರಲ್ಲಿ ಪಕ್ಕದ ಹೊಲದ ಆವಲಪ್ಪ ಬೆನ್ನಿಗೆ ಪಂಪು ಹಾಕಿಕೊಂಡು ಕಟ್ಟೆಯ ಏರಿಯಿಂದ ಇಳಿಯುತ್ತ ಬಂದ.

"ಆವಲಪ್ಪ, ಅಲ್ಲೇ ನಿಂತ್ಕೊ ಕಣೋ. ಪಂಪು ಇಲ್ಲಿ ಇಳಿಸ್ಬೇಡ. ನಡಿ ಹೊಲಕ್ಕೆ, ಹೆಂಗೆ ತೊಳೀಬೇಕು ಅಂತ ತೋರಿಸ್ತೀನಿ."

ಅಣ್ಣಂದಿರೇ, ಅಕ್ಕಂದಿರೇ, ಔಷಧಿ ಪಂಪು, ಡಬ್ಬಿ, ಕಲಸಿದ ಬಕೀಟು ಯಾವುದನ್ನೂ ಕೆರೆ, ಕಟ್ಟೆ, ಹಳ್ಳದಲ್ಲಿ ತೊಳೆಯಬೇಡಿ. ನಿಮ್ಮೂರ ಬೆಟ್ಟಕ್ಕೆ ಕಪ್ಪೆ ಲೆಕ್ಕ ಹಾಕಲು ಬಂದವರ ಜೊತೆ ಒಂದು ಸಂಜೆ ಹೋಗಿ ಕೂತುಕೊಳ್ಳಿ. ನಿಮ್ಮ ಕಿವಿ ಬಲ್ಲ ದನಿ ಅವರ ಪಟ್ಟಿಯಲ್ಲಿ ಇಲ್ಲದಿದ್ದರೆ, ಹೇಳಿ ಬರೆಸಿ.