ಕರುವಿನ ಹೊಟ್ಟೆನೋವು

ಮಗುವಿನ ಬಾಯಿಂದ ಕರುವನ್ನು ಬಿಡಿಸಲು ಕೋಮಲಾ ಒಂದು ಕೈಯಲ್ಲಿ ಮಗುವಿನ ಗಲ್ಲ ಹಿಡಿದು, ಇನ್ನೊಂದು ಕೈಯಲ್ಲಿ ಕರುವಿನ ಹಿಂಗಾಲು ಎಳೆಯುತ್ತಿದ್ದಳು. ಅಂಗೈಯಗಲದ ಉಣ್ಣೆಯ ಕರು ಅದು. ಎರಡು ವರ್ಷದ ಕೃತಿಕಾ ಅದರ ಮೂತಿಯನ್ನು ಚೀಪುತ್ತ ಹಿಡಿತ ಬಿಡಲೊಲ್ಲಳು.

"ಬಿಡೇ ಕೋಮಲಾ, ಮಗು ಕೈಲಿರೋದನ್ನ ಕಿತ್ಕೋತಾರಾ?" ಪಕ್ಕದ ಮನೆಯ ಕಾಂತಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡಳು. "ನಿಮ್ಮತ್ತೆ ಕೊಟ್ಟಿದ್ದು ಕಣೇ. ನಿನ್ನೆ ಸಂಜೆ ತಾನೇ ಬಂದು ಕೊಟ್ಟು ಹೋದ್ಲು. ಬೆಳಗಾಗೋದ್ರೊಳಗೆ ಹಿಂಗಾಯ್ತು."

"ಒಂದು ಗಳಿಗೆ ಕೊಡಿ ಕಾಂತಕ್ಕ, ಆಮೇಲೆ ವಾಪಸ್ ಕೊಡ್ತೀನಿ."

ಕೋಮಲಾ ಕರುವನ್ನು ಕಿತ್ತುಕೊಂಡೇಬಿಟ್ಟಳು. ಮಗು ಊರಿಗೆಲ್ಲ ಕೇಳುವಂತೆ ಅಳತೊಡಗಿತು. ಭಜನೆಯವರ ತಾಳವೂ ಒಂದು ಕ್ಷಣ ತಪ್ಪಿತು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ಅತ್ತೆ ತೀರ್ಥಮ್ಮ ಮಾತ್ರ ಹಣೆತುಂಬ ವಿಭೂತಿ ಹೊತ್ತು, ಎಡಗೈಯಲ್ಲಿ ಲಿಂಗ ಹಿಡಿದು ಸುಮ್ಮನಿದ್ದಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು. ಬೆಳಿಗ್ಗೆ ಎಷ್ಟು ತಿಕ್ಕಿ ತೊಳೆದರೂ ಅವು ಹೋಗಿರಲಿಲ್ಲ.

"ಅತ್ತೆ ಇನ್ನೂ ಮಣ್ಣಾಗಿಲ್ಲ, ಸೊಸೆ ಆಗ್ಲೇ ಗೊಂಬೆ ಬಾಚ್ಕೋತಾಳೆ," ಎಂದು ಬಾಗಿಲ ಬಳಿ ಯಾರೋ ಅಂದರು. ಊರ ಬಾಯಿಗೆ ಮುಚ್ಚಳ ಹಾಕಿದವರುಂಟೆ? ಕೋಮಲಾ ತಲೆ ತಗ್ಗಿಸಿ ಒಳಕೋಣೆಗೆ ಹೋಗಿ ಅಗುಳಿ ಹಾಕಿದಳು. ಕತ್ತರಿ ತೆಗೆದುಕೊಂಡಳು. ಈ ಕರುವಿನ ಹೊಟ್ಟೆಯಲ್ಲೆಲ್ಲೋ ಮುರಿದ ಸೂಜಿಯ ಮೊನೆಯಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

*

ಅಂಗನವಾಡಿಯಲ್ಲಿ ಆಯಾ ಆಗಿ ಇಪ್ಪತ್ತಾರು ವರ್ಷ ದುಡಿದ ತೀರ್ಥಮ್ಮನಿಗೆ ಉಣ್ಣೆಗೊಂಬೆ ಮಾಡುವ ಈ ವಿದ್ಯೆ ಹತ್ತಿದ್ದು ತಡವಾಗಿ. ಕಡೂರಿನಲ್ಲಿ ಹೆಂಗಸರಿಗೆಂದು ನಡೆದ ಹತ್ತು ದಿನದ ತರಬೇತಿಗೆ ಸುಮ್ಮನೆ ಕಾಲ ಕಳೆಯಲು ಹೋದವಳು, ಬರುವಾಗ ಒಂದು ಮುಷ್ಟಿ ಉಣ್ಣೆ, ಮೂರು ಸೂಜಿ ಹಿಡಿದು ಬಂದಳು. ಮಾಮೂಲಿ ಸೂಜಿಯಲ್ಲ. ಮೊನೆಯ ಹತ್ತಿರ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿರುತ್ತವೆ. ಚುಚ್ಚಿದಷ್ಟೂ ಎಳೆಗೆ ಎಳೆ ಹೆಣೆದುಕೊಂಡು ಉಣ್ಣೆ ಗಟ್ಟಿಯಾಗುತ್ತದೆ. ದಾರವಿಲ್ಲ, ಹೊಲಿಗೆಯಿಲ್ಲ. ಕಂಬಳಿ ನೇಯುವವರು ಬೇಡವೆಂದು ಬಿಟ್ಟ ತುಂಡು ಉಣ್ಣೆ ಅವಳ ಕೈಯಲ್ಲಿ ಕುರಿಯಾಗುತ್ತಿತ್ತು, ಕೋಳಿಯಾಗುತ್ತಿತ್ತು, ಮೂಗುಬೊಟ್ಟಿನ ಅಜ್ಜಿಗೊಂಬೆಯಾಗುತ್ತಿತ್ತು.

ನೋಡದೆ ಮಾಡುವವಳಲ್ಲ. ಒಂದು ಕರುವಿಗಾಗಿ ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಿಗೆ ಬಸ್ಸಿನಲ್ಲಿ ಹೋಗಿ, ಅಮೃತಮಹಲ್ ದನಗಳ ಮುಂದೆ ದಿನವಿಡೀ ಕೂತಿದ್ದಳು. ದನ ಕಾಯುವ ಲಕ್ಕಣ್ಣ, "ಏನಮ್ಮಾ, ಕರು ಕೊಳ್ಳೋಕೆ ಬಂದ್ಯಾ?" ಎಂದು ಛೇಡಿಸಿದರೆ, "ಇಲ್ಲ ಕಣಪ್ಪಾ, ಕದಿಯೋಕೆ," ಅಂದಿದ್ದಳಂತೆ. ತಿಂಗಳಾದ ಮೇಲೆ ಅವಳು ತಂದು ತೋರಿಸಿದ ಕರುವನ್ನು ಲಕ್ಕಣ್ಣ ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ಗಂಗೆ ಕರು. ಕಿವಿ ನೋಡು, ಇದು ಹೆದ್ರಿದಾಗ ಹಿಂಗೇ ಮಾಡೋದು," ಅಂದ. ಅದಕ್ಕಿಂತ ದೊಡ್ಡ ಬಹುಮಾನ ಅವಳಿಗೆ ಬೇಕಿರಲಿಲ್ಲ.

ಸೂಜಿಯ ವಿಷಯದಲ್ಲಿ ಮಾತ್ರ ಅವಳದು ಉಗ್ರ ಶಿಸ್ತು. ಸ್ವಲ್ಪ ಓರೆಯಾಗಿ ಚುಚ್ಚಿದರೂ ಆ ಸೂಜಿ ಟಕ್ಕೆಂದು ಮುರಿಯುತ್ತದೆ. ಮುರಿದರೆ ಮೊನೆ ಸಿಗುವವರೆಗೆ ಗೊಂಬೆ ಹೊಸ್ತಿಲು ದಾಟುವಂತಿಲ್ಲ. ಸಿಕ್ಕ ಮೊನೆಯನ್ನು ಬಟ್ಟೆ ಒಗೆಯುವ ಹಳೆಯ ಸೋಪಿನ ಬಿಲ್ಲೆಯೊಂದಕ್ಕೆ ಚುಚ್ಚಿಡುತ್ತಿದ್ದಳು. ಕೆಲಸ ಮುಗಿದ ಮೇಲೆ ಪ್ರತಿ ಸೂಜಿಯನ್ನೂ ಹೊಸ ಸೂಜಿಯ ಪಕ್ಕದಲ್ಲಿಟ್ಟು ಉದ್ದ ನೋಡುತ್ತಿದ್ದಳು. "ಮಕ್ಕಳು ಮೊದಲು ನೋಡೋದು ಬಾಯಲ್ಲೇ ಕಣೇ," ಅನ್ನುತ್ತಿದ್ದಳು.

ಮದುವೆಯಾಗಿ ವರ್ಷವಾಗಿದ್ದ ಕೋಮಲಾಗೆ ಆರು ತಿಂಗಳಿಂದ ಬರೀ ಉಣ್ಣೆಯ ಉಂಡೆ ಮಾಡುವ ಕೆಲಸ. "ಉಂಡೆ ಗುಂಡಗಾಗ್ಲಿ, ಆಮೇಲೆ ಕಾಲು," ಅನ್ನುತ್ತಿದ್ದಳು ಅತ್ತೆ. ಕಳೆದ ಭಾನುವಾರ ಅತ್ತೆ ಮಠಕ್ಕೆ ಹೋಗಿದ್ದಾಗ, ಕೃತಿಕಾಳಿಗೆಂದು ಮಾಡಿ, ಮುಟ್ಟಬೇಡವೆಂದು ಹೇಳಿ ಹೋಗಿದ್ದ ಈ ಕರುವನ್ನೇ ಅವಳು ಎತ್ತಿಕೊಂಡಳು. ಬೆನ್ನಿನ ಮೇಲೆ ನಾಲ್ಕು ಸಲ ಚುಚ್ಚಿದಳು. ಐದನೆಯದಕ್ಕೆ ಟಕ್. ಎಷ್ಟು ಅದುಮಿ ನೋಡಿದರೂ ಮೊನೆ ಕೈಗೆ ಹತ್ತಲಿಲ್ಲ. ಮೋಟು ಸೂಜಿಯನ್ನು ಡಬ್ಬಿಗೆ ಹಾಕಿ, ಬಾಯಿ ಮುಚ್ಚಿಕೊಂಡಳು. ಸೋಮವಾರ ಬೆಳಿಗ್ಗೆಯೇ ತರೀಕೆರೆಗೆ ತವರಿಗೆ ಹೋದಳು. ವಾಪಸ್ ಬಂದು ಹೇಳಿದರಾಯಿತು ಅಂದುಕೊಂಡಿದ್ದಳು. ಗುರುವಾರ ಬೆಳಿಗ್ಗೆ ಫೋನ್ ಬಂತು.

*

ಹೊಟ್ಟೆ, ಬೆನ್ನು, ಕತ್ತು ಎಲ್ಲ ಬಿಚ್ಚಿಯಾಯಿತು. ಉಣ್ಣೆಯನ್ನು ಎಳೆ ಎಳೆಯಾಗಿ ಹಿಂಜಿ, ಹಳೆ ಸ್ಪೀಕರಿನ ಅಯಸ್ಕಾಂತ ಆಡಿಸಿದರೂ ಏನೂ ಅಂಟಲಿಲ್ಲ. ಮೊನೆ ಇಲ್ಲ. ಕರುವಿನಲ್ಲಿಲ್ಲವೆಂದರೆ ಮತ್ತೆಲ್ಲಿ? ನಿನ್ನೆ ಸಂಜೆಯಿಂದ ಮಗು ಇದನ್ನು ಚೀಪುತ್ತಿದೆ. ನುಂಗಿಬಿಟ್ಟಿದ್ದರೆ? ಇನ್ನು ಮರ್ಯಾದೆ ನೋಡುವ ಹೊತ್ತಲ್ಲ ಎಂದು ಕೋಮಲಾ ಅಗುಳಿ ತೆಗೆದು ಹೊರಗೆ ಬಂದಳು.

"ಕಾಂತಕ್ಕ, ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ನಾನು ಸೂಜಿ ಮುರಿದಿದ್ದೆ. ಅತ್ತೆಗೆ ಹೇಳ್ಲಿಲ್ಲ. ಮೊನೆ ಈ ಕರುವಿನೊಳಗಿತ್ತು. ಈಗ ಇಲ್ಲ."

ಭಜನೆ ನಿಂತಿತು. ಕಾಂತಮ್ಮ ಮಗುವಿನ ಬಾಯಿಗೆ ಬೆರಳು ಹಾಕಿ ತಡಕಿದಳು, ಹೊಟ್ಟೆ ಒತ್ತಿ ನೋಡಿದಳು. ಮಗು ಕರು ಕರು ಎಂದು ಕೈಚಾಚಿತೇ ಹೊರತು ಬೇರೇನೂ ನೋವಿದ್ದಂತೆ ಕಾಣಲಿಲ್ಲ. ಕಾಂತಮ್ಮ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ತಡಿ. ಸೋಮವಾರ ಹುಟ್ಟಿದಹಬ್ಬಕ್ಕೆ ಕೊಡ್ತೀನಿ ಅಂದಿದ್ಲು ತೀರ್ಥಕ್ಕ. ಮಾತು ತಪ್ಪಿದವಳೇ ಅಲ್ಲ. ಎರಡು ದಿನ ತಡ ಮಾಡಿದ್ಲು. ಯಾಕೆ ಅಂದ್ರೆ, 'ಕರುಗೆ ಹೊಟ್ಟೆನೋವು ಕಣೇ, ವಾಸಿ ಆಗ್ಲಿ' ಅಂದ್ಲು. ತಮಾಷೆ ಅಂದ್ಕೊಂಡೆ."

ಹೆಂಡತಿಯ ಪಕ್ಕದಲ್ಲಿ ಬೆಳಗಿನಿಂದ ಕೂತಿದ್ದ ಮಾವ ಪಂಚಾಕ್ಷರಪ್ಪ ನಿಧಾನವಾಗಿ ಎದ್ದರು. "ಮಂಗಳವಾರ ನನ್ನ ಹತ್ರ ಒಂದು ಹೊಸ ಸೋಪು ತರಿಸಿದ್ಲು. ಹಳೇದ್ರಲ್ಲಿ ಇನ್ನೂ ಜಾಗ ಐತಲ್ಲೇ ಅಂದೆ. ಇದು ಬೇರೆಯವರದ್ದು ಅಂದ್ಲು."

ಅವರು ಸೂಜಿಡಬ್ಬಿಯ ಹಿಂದಿನಿಂದ ಎರಡು ಸೋಪು ತಂದು ಸೊಸೆಯ ಮುಂದಿಟ್ಟರು. ಒಂದು ಹಳೆಯದು, ಒಣಗಿ ಸೀಳುಬಿಟ್ಟು, ತುಕ್ಕುಹಿಡಿದ ಮೊನೆಗಳಿಂದ ಮುಳ್ಳುಹಂದಿಯಂತಾಗಿತ್ತು. ಇನ್ನೊಂದು ಹೊಚ್ಚಹೊಸದು, ನೀಲಿ. ಅದರ ಒಂದು ಮೂಲೆಯಲ್ಲಿ ಒಂದೇ ಒಂದು ಮೊನೆ ಹೊಳೆಯುತ್ತಿತ್ತು.

ಕೋಮಲಾ ಡಬ್ಬಿಯಿಂದ ತನ್ನ ಮೋಟು ಸೂಜಿ ತೆಗೆದು, ಆ ಮೊನೆಯೊಡನೆ ಸೇರಿಸಿ, ಹೊಸ ಸೂಜಿಯ ಪಕ್ಕ ಹಿಡಿದಳು. ಉದ್ದ ಸರಿಯಾಯಿತು. ಆಗ ಅವಳಿಗೆ ಅಳು ಬಂತು. ಬೆಳಗಿನಿಂದ ಬಾರದೆ ನಿಂತಿದ್ದ ಅಳು ಅದು, ಜನ ಇದ್ದಾರೆಂದು ನೋಡದೆ ಅತ್ತಳು.

ಅಂಗಳದಲ್ಲಿ ಬಾಳೆಕಂದು, ಚೆಂಡುಹೂ ಕಟ್ಟಿದ, ಶವ ಕೂರಿಸುವ ವಿಮಾನ ಸಿದ್ಧವಾಗಿತ್ತು. ಹೊಲದಲ್ಲಿ ಕೋಮಲಾಳ ಗಂಡ ನಿಂತು ಗುಣಿ ತೋಡಿಸಿದ್ದ. "ಎತ್ತೋಣ್ರಪ್ಪಾ, ಹೊತ್ತಾಗುತ್ತೆ," ಎಂದರು ವಿಧಿ ಮಾಡಿಸಲು ಬಂದಿದ್ದ ಅಯ್ಯನವರು.

"ಸ್ವಲ್ಪ ತಡೀರಿ ಸ್ವಾಮಿ," ಎಂದರು ಪಂಚಾಕ್ಷರಪ್ಪ. "ಕರು ಹೊಟ್ಟೆ ಮುಚ್ಲಿ. ಹಂಗೇ ಬಿಟ್ಟು ಹೋದ್ರೆ ಇವಳು ಎದ್ದು ಬರ್ತಾಳೆ."

ಅಯ್ಯನವರು ಜಗಲಿಯ ಮೇಲೆ ಕೂತರು. ಬಾಗಿಲ ಬಳಿ ನಿಂತವರು ಬೆಳಕು ಬರಲೆಂದು ಪಕ್ಕಕ್ಕೆ ಸರಿದರು. ಕೋಮಲಾ ಅತ್ತೆಯ ಕಾಲ ಬಳಿ, ಚುಚ್ಚುವಾಗ ಗೊಂಬೆಯ ಅಡಿಗಿಡುವ ಸ್ಪಂಜು ಹಾಕಿಕೊಂಡು ಕೂತು, ಹಿಂಜಿದ ಉಣ್ಣೆಯನ್ನು ಮತ್ತೆ ಕರುವಿನೊಳಗೆ ತುಂಬಿ ಚುಚ್ಚತೊಡಗಿದಳು. ನೇರ ಕೆಳಕ್ಕೆ, ನೇರ ಮೇಲಕ್ಕೆ. ಬೆನ್ನು ಮೊದಲಿನಷ್ಟು ಚಂದ ಬರಲಿಲ್ಲ, ಹೊಟ್ಟೆ ಒಂದು ಪಕ್ಕಕ್ಕೆ ಉಬ್ಬಿತು. ಮುಗಿದ ಮೇಲೆ ಸೂಜಿಯನ್ನು ಹೊಸ ಸೂಜಿಯ ಪಕ್ಕದಲ್ಲಿಟ್ಟು ನೋಡಿದಳು. ಮಾವನಿಗೂ ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ ತಲೆಯಾಡಿಸಿದರು.

ನಾಲ್ಕು ಜನ ತೀರ್ಥಮ್ಮನನ್ನು ಎತ್ತಿ ವಿಮಾನದಲ್ಲಿ ಕೂರಿಸುತ್ತಿದ್ದಾಗ, ಕೃತಿಕಾ ಕಾಂತಮ್ಮನ ಸೊಂಟದಿಂದ ಬಾಗಿ ಕೋಮಲಾಳ ಕೈಯಿಂದ ಕರುವನ್ನು ಈಸಿಕೊಂಡಳು. ಈಸಿಕೊಂಡವಳೇ ಅದರ ಮೂತಿಯನ್ನು ಬಾಯಿಗಿಟ್ಟಳು. ಕೋಮಲಾ ತಡೆಯಲಿಲ್ಲ.