ತಿಪ್ಪೆ ನೋಡಿ ಬರೆದ ಪಟ್ಟಿ

ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಗಂಡನ ಹಣೆಗೆ ಒಯ್ದ ಈರವ್ವನ ಕೈ ಅರ್ಧದಲ್ಲೇ ನಿಂತಿತು. ಗುರುಶಿದ್ದಪ್ಪ ಗೋಡೆಗೊರಗಿ, ಕಾಲು ಮಡಚಿ, ಚಂದಾ ಪಟ್ಟಿ ಎತ್ತಲು ಬಂದವನಂತೆಯೇ ಕುಳಿತಿದ್ದ. ಜೀವ ಮಾತ್ರ ಇರಲಿಲ್ಲ.

"ಗೌರಿ ಎಲ್ಲಿ ಹ್ವಾದ್ಲು ಅಂತ ಕಡೀಕೂ ಹೇಳಲಿಲ್ಲ ನೀವು," ಎಂದಳು.

"ಇವತ್ತರ ಬಿಡಬೇ ಯಕ್ಕಾ, ಆ ಆಕಳ ಸುದ್ದಿ," ಎಂದ ಬಸಣ್ಣ. ಪಟ್ಟಿ ಎತ್ತಲು ಇಪ್ಪತ್ತು ವರ್ಷ ಗುರುಶಿದ್ದಪ್ಪನ ಜೊತೆ ತಿರುಗಿದವ.

"ತವರವರು ಕೊಟ್ಟ ಆಕಳ, ಬಸಣ್ಣ. ಮುಂಜಾನೆ ಹೊಡಕೊಂಡು ಹ್ವಾದ್ರು, ಸಂಜೀಕ ಹಗ್ಗ ಅಷ್ಟ ತಂದ್ರು. ಒಂಬತ್ತು ವರ್ಷ ಕೇಳೀನಿ."

ಅಂಗಳದಲ್ಲಿ ಲಕ್ಷ ಜನ ಸೇರಿದ್ದರು. ಎಣಿಸಿದರೆ ನಲವತ್ತು.

*

ಬಡ ಹುಡುಗರ ಪ್ರಸಾದ ನಿಲಯಕ್ಕೆ ಯಾರು ಎಷ್ಟು ಕೊಟ್ಟಾರು ಎಂದು ಅಳೆಯುವುದರಲ್ಲಿ ಗುರುಶಿದ್ದಪ್ಪನಿಗೆ ಮೂರು ಲೋಕದಲ್ಲಿ ಸಾಟಿಯಿರಲಿಲ್ಲ. ನಾಲ್ಕನೆಯದಿದ್ದರೆ ಅಲ್ಲೂ ಇರಲಿಲ್ಲ. ರುಮಾಲು, ಉಂಗುರ ನೋಡುವ ಆಸಾಮಿಯಲ್ಲ. "ಮುಂದಿನ ಬಾಗಲಾ ಸುಳ್ಳು ಹೇಳತೈತಿ, ತಿಪ್ಪಿ ಹೇಳೂದಿಲ್ಲ," ಎಂದು ನೆಟ್ಟಗೆ ಹಿತ್ತಲಿಗೆ ನಡೆಯುತ್ತಿದ್ದ. ತಿಪ್ಪೆಯ ಮೇಲೆ ದನದ ಲೆಕ್ಕ, ದನದ ಮೇಲೆ ಹೊಲದ್ದು, ಹೊಲದ ಮೇಲೆ ಅರಳೆಯದು. ಅಷ್ಟರ ಮೇಲೆ ಪಟ್ಟಿ. ಅವನು ಬರುವ ಸುದ್ದಿ ಸಿಕ್ಕರೆ ಸಾಹುಕಾರರು ತಿಪ್ಪೆಯನ್ನೇ ಪಕ್ಕದ ಮನೆಗೆ ಸಾಗಿಸುತ್ತಿದ್ದರು.

ಸುಳ್ಳದಲ್ಲಿ (ಊರು ಸುಳ್ಳ, ಮಾತು ಖರೆ) ನೀಲಕಂಠಪ್ಪನ ಹಿತ್ತಲಲ್ಲಿ ಮಾಳಿಗೆಗಿಂತ ಎತ್ತರದ ತಿಪ್ಪೆ ಕಂಡಿತು. ಗುರುಶಿದ್ದಪ್ಪ ಊರವರ ಎದುರಿಗೇ ಅವನ ಹೆಸರಿಗೆ ನೂರಾ ಒಂದು ರೂಪಾಯಿ ಬರೆದ, ಆಗಿನ ಒಂದು ಜೋಡಿ ಎತ್ತಿನ ಬೆಲೆ. ನೀಲಕಂಠಪ್ಪ ಎಂಟು ದಿನದಲ್ಲಿ ಮುಟ್ಟಿಸಿದ.

*

ಅಂಗಳದಿಂದ ಹೆಣ ಹೊರಡುವ ಹೊತ್ತಿಗೆ ಮುದುಕನೊಬ್ಬ ಬುಟ್ಟಿ ಹೊತ್ತು ಬಂದ. ತುಂಬ ವಿಭೂತಿಗಟ್ಟಿ.

"ನಾ ಸುಳ್ಳದ ನೀಲಕಂಠಪ್ಪ, ಯವ್ವಾ. ಇವರು ಪಟ್ಟಿ ಬರದ ವರ್ಷ ಅರಳಿ ಧಾರಣಿ ಬಿದ್ದು ಹೊಲಾ ಮಾರಿದ್ದೆ. ಗೊಬ್ಬರ ಹಾಕಾಕ ಹೊಲಾನ ಇಲ್ಲ, ತಿಪ್ಪಿ ಬೆಳದಿತ್ತು. ಇವರು ಸಾಹುಕಾರ ಅಂದ್ಕೊಂಡ್ರು."

"ಇಲ್ಲ ಅನ್ನಾಕ ಏನಾಗಿತ್ತೋ?" ಎಂದ ಬಸಣ್ಣ.

"ಮಂದಿ ಮುಂದ ಬರದ್ರು. ಹೆಂಗ ಅನ್ನಲಿ? ಇದ್ದ ದನಾ ಮಾರಿ ಕೊಟ್ಟೆ. ಇವರಿಗೆ ತಿಳಿಯೂದ್ರಾಗ ರೊಕ್ಕ ಹುಡುಗರ ಹೊಟ್ಟಿ ಸೇರಿತ್ತು. ಗೌರೀನ ತಂದು ನನ್ನ ಗೂಟಕ್ಕ ಕಟ್ಟಿದ್ರು. 'ತಿಪ್ಪಿ ನನಗ ಸುಳ್ಳು ಹೇಳ್ತು ಅಂತ ಯಾರ ಮುಂದೂ ಅನಬ್ಯಾಡೋ' ಅಂದ್ರು."

ನೀಲಕಂಠಪ್ಪ ಬುಟ್ಟಿಯನ್ನು ಈರವ್ವನ ಮುಂದೆ ಇಳಿಸಿದ.

"ಗೌರಿ ಹ್ವಾದ ವರ್ಷ ತೀರಿದ್ಲು. ಇದು ಆಕಿ ಸಗಣೀದು, ಯವ್ವಾ. ನನ್ನ ಹೂಳೂ ಕುಣೀಗೆ ಅಂತ ಇಟ್ಕೊಂಡಿದ್ದೆ."

ಈರವ್ವ ಒಂದು ಗಟ್ಟಿ ಎತ್ತಿಕೊಂಡು ನೀರಲ್ಲಿ ತೇಯ್ದಳು. ಈ ಸಲ ಕೈ ನಡುವೆ ನಿಲ್ಲಲಿಲ್ಲ. ಹಣೆಯ ಈ ತುದಿಯಿಂದ ಆ ತುದಿಗೆ ಮೂರೆಳೆ ಎಳೆದಳು.

ಹೆಣದ ಮುಂದಿನ ಭಜನೆಯವರು ಓಣಿ ತಿರುಗಿದರು. ಈರವ್ವ ಹಿತ್ತಲಿಗೆ ನಡೆದಳು. ಒಂಬತ್ತು ವರ್ಷದಿಂದ ಹಗ್ಗವಷ್ಟೇ ತೂಗುತ್ತಿದ್ದ ಗೂಟದ ಮುಂದೆ ಕುಕ್ಕರಿಸಿ, ಬೆರಳಲ್ಲಿ ಉಳಿದ ವಿಭೂತಿಯನ್ನು ಅದಕ್ಕೂ ಎಳೆದಳು.